ಬೋರ್‌ಗೆ ಮೋಟಾರ್ ಇಳಿಸುವ ಮೊದಲು: ನನ್ನ ಅನುಭವ

ಮೊದಲು ಆದದ್ದನ್ನು ಹೇಳಿಬಿಡುತ್ತೇನೆ. ಗದಗ ಜಿಲ್ಲೆಯ ಒಂದು ತಾಲೂಕಿನಲ್ಲಿ ಈಗ ಕುಡಿಯುವ ನೀರಿಗೆಂದು ಹೊಸ ಬೋರ್ ಕೊರೆದರೆ, ಫ್ಲೋರೈಡ್ (ನೀರಿನಲ್ಲಿ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಅಂಶ) ಎಷ್ಟಿದೆ ಅನ್ನೋ ರಿಪೋರ್ಟ್ ಫೈಲಿಗೆ ಬರುವ ತನಕ ಮೋಟಾರ್ ಇಳಿಸುವಂತಿಲ್ಲ. ಒಂದೇ ಪುಟದ ಸುತ್ತೋಲೆ ಅದು. ಅದರಲ್ಲಿ ನನ್ನ ಹೆಸರಿಲ್ಲ, ನಮ್ಮ ಲ್ಯಾಬಿನ ಹೆಸರೂ ಇಲ್ಲ. ಆದರೆ ಅದರ ಎರಡನೇ ಪ್ಯಾರಾ ಹುಟ್ಟಿದ್ದು ಧಾರವಾಡದ ನಮ್ಮ ಅಡುಗೆಮನೆಯಲ್ಲಿ, ರಾತ್ರಿ ಊಟ ಆದ ಮೇಲೆ. ಅದು ನನಗೆ ಗೊತ್ತು, ಸಹಿ ಹಾಕಿದವರಿಗೂ ಗೊತ್ತು. ಅಷ್ಟು ಸಾಕು.

"ಆಗೂ ಮಾತಲ್ಲ ಬಿಡ್ರಿ ಸರ, ಸುಮ್ನ ಪೇಪರ್ ಬರಕೋತ ಇರ್ರಿ" ಅಂತ ಹೇಳಿದವರು ಬಹಳ ಮಂದಿ. ಈಗ ಅವರಲ್ಲೇ ಇಬ್ಬರು ಮೂವರು ಫೋನ್ ಮಾಡಿ "ಹೆಂಗ ಮಾಡಿದ್ರಿ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಒಮ್ಮೆ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡಿನ ಕ್ಯಾಲಿಬ್ರೇಶನ್, ಅಳೆಯುವಾಗ ಬೆರೆಸುವ ಟಿಸ್ಯಾಬ್ ದ್ರಾವಣ, ಸೀಸೆ ಪ್ಲಾಸ್ಟಿಕ್ಕಿನದೇ ಯಾಕೆ, ಇವನ್ನೆಲ್ಲ ಬಿಡುತ್ತೇನೆ. ನೀರು ಪರೀಕ್ಷೆ ಮಾಡುವ ನಿಮಗೆ ಗೊತ್ತಿದೆ. ಗಟ್ಟಿ ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರಿನಲ್ಲಿ, ಅದರಲ್ಲೂ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಏರುತ್ತೆ ಅನ್ನೋದೂ ಗೊತ್ತಿದೆ. ಮುಂಡರಗಿ ಕಡೆ ನೀರಿನ ಮೇಲೆ ಕೆಲಸ ಮಾಡಿದವರೇನು ಕಡಿಮೆಯಿಲ್ಲ. ಅಂಕಿಗಳಿಗೆ ನಮ್ಮಲ್ಲಿ ಬರ ಇಲ್ಲ. ಆ ಅಂಕಿ ಲ್ಯಾಬಿನಿಂದ ಹೊರಟು ಸಹಿ ಬೀಳುವ ಕಾಗದದ ತನಕ ಹೇಗೆ ಹೋಗುತ್ತೆ ಅನ್ನೋದಷ್ಟೇ ನನ್ನ ವಿಷಯ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ದಪ್ಪ ರಿಪೋರ್ಟ್. ಸುಮಾರು 40 ಹಳ್ಳಿಗಳ ನೀರು, ಬೇಸಿಗೆಯಲ್ಲಿ ಒಮ್ಮೆ, ಮಳೆ ಹೋದ ಮೇಲೆ ಒಮ್ಮೆ. ಮ್ಯಾಪು, ಗ್ರಾಫು, ನೀರಿನ ಲವಣಗಳನ್ನು ತೋರಿಸುವ ಪೈಪರ್ ಡಯಾಗ್ರಾಮು, ಎಲ್ಲ ಬಣ್ಣದ ಪ್ರಿಂಟ್. 80 ಪುಟ ದಾಟಿತ್ತು. ಸ್ಪೈರಲ್ ಹಾಕಿಸಿ ಆರೇಳು ಪ್ರತಿ ಮಾಡಿಸಿದೆ. ಪ್ರತಿಗೆ 700 ರೂಪಾಯಿ ಹತ್ತಿರ ಬಿತ್ತು. ಬೆಂಗಳೂರಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಮುಟ್ಟಿದ್ದಕ್ಕೆ ಸ್ವೀಕೃತಿ ಬಂತು. ಆಮೇಲೆ ಸದ್ದಿಲ್ಲ.

ಅರ್ಧ ವರ್ಷ ಕಳೆದಿರಬೇಕು, ನಮ್ಮ ವಿಭಾಗಕ್ಕೆ ಒಂದು ಲಕೋಟೆ ಬಂತು. ಒಡೆದು ನೋಡಿದರೆ ನನ್ನದೇ ರಿಪೋರ್ಟ್! ಬೆಂಗಳೂರಿನವರು "ಸೂಕ್ತ ಕ್ರಮಕ್ಕಾಗಿ" ಅಂತ ಜಿಲ್ಲೆಗೆ ಕಳಿಸಿದ್ದಾರೆ. ಜಿಲ್ಲೆಯವರು ಇನ್ನೊಂದು ಕಚೇರಿಗೆ ಕಳಿಸಿದ್ದಾರೆ. ಆ ಕಚೇರಿಯವರು "ವಿಷಯ ತಜ್ಞರಿಂದ ಪರಿಶೀಲಿಸಿ ಅಭಿಪ್ರಾಯ ಸಲ್ಲಿಸಲು" ಅಂತ ನಮಗೆ ಕಳಿಸಿದ್ದಾರೆ. ನನ್ನ ರಿಪೋರ್ಟಿನ ಮೇಲೆ ನಾನೇ ಅಭಿಪ್ರಾಯ ಬರೆದೆ. "ವರದಿ ಸಮಂಜಸವಾಗಿದೆ" ಅಂತ. ಅದಕ್ಕೂ ಸ್ವೀಕೃತಿ ಬಂತು.

ಎರಡನೆಯ ದಾರಿ ಸಂಶೋಧನಾ ಪೇಪರ್‌ಗಳು, ಅವುಗಳ ಮಾತು ಬೇಡ. ಮೂರು ಬಂದವು, ಪ್ರಮೋಶನ್ನಿಗೆ ಉಪಯೋಗವಾದವು. ನೀರಿನ ಇಂಜಿನಿಯರ್ ಒಬ್ಬರೂ ಅವನ್ನು ಓದಿಲ್ಲ. ಓದಬೇಕಾಗಿಯೂ ಇಲ್ಲ.

ಮೂರನೆಯ ದಾರಿ ಪತ್ರಿಕೆ. ಪರಿಚಯದ ವರದಿಗಾರರೊಬ್ಬರಿಗೆ ಅಂಕಿ ಕೊಟ್ಟೆ. "ಮಿತಿಗಿಂತ ಹೆಚ್ಚು" ಅಂತ ನಾನು ಹೇಳಿದ್ದು ಬೆಳಗ್ಗೆ ಪೇಪರಿನಲ್ಲಿ "ವಿಷ ಕುಡಿಯುವ ಗ್ರಾಮ" ಆಗಿತ್ತು. ಊರಿನ ಹೆಸರು ದಪ್ಪಕ್ಷರದಲ್ಲಿ. ವಾರದೊಳಗೆ ಊರ ಹಿರಿಯರು ನಾಲ್ಕು ಮಂದಿ ಲ್ಯಾಬಿಗೇ ಬಂದರು. ಜಗಳಕ್ಕಲ್ಲ, ಬೇಸರ ಹೇಳಿಕೊಳ್ಳಲು. ಒಬ್ಬರು ಅಂದದ್ದು ಇನ್ನೂ ಕಿವಿಯಲ್ಲಿದೆ. "ಯಪ್ಪಾ, ನೀರು ಹೆಂಗರ ಕುಡಿತೀವಿ. ಈಗ ನಮ್ಮೂರಿಗೆ ಹೆಣ್ಣು ಕೊಡಾಕ ಹಿಂದ ಮುಂದ ನೋಡಾಕ ಹತ್ಯಾರ." ಆ ಕಡೆ ಇಲಾಖೆಯವರೂ ಬಾಗಿಲು ಹಾಕಿಕೊಂಡರು. ನೀರಿನ ಸ್ಯಾಂಪಲ್ ತೆಗೆಯಲು ಹೋದರೆ ನೀರಗಂಟಿ "ಸಾಹೇಬ್ರ ಪರ್ಮಿಶನ್ ತೊಗೊಂಡ ಬರ್ರಿ" ಅಂದ. ಮೇಲಿನಿಂದ ನನಗೆ "ಪತ್ರಿಕೆಗೆ ಹೇಳಿಕೆ ಕೊಡಲು ಅನುಮತಿ ಪಡೆದಿದ್ದೀರಾ?" ಅಂತ ಒಂದು ನೋಟೀಸೂ ಬಂತು. ಪತ್ರಿಕೆಯಿಂದ ಕೆಲಸವೇ ಆಗುವುದಿಲ್ಲ ಅಂತ ಹೇಳುತ್ತಿಲ್ಲ. ನಮ್ಮ ಹತ್ತಿರ ಬೇರೆ ಯಾವ ಹಿಡಿತವೂ ಇಲ್ಲದಾಗ ಪತ್ರಿಕೆಗೆ ಹೋದರೆ ಆಗುವುದು ಇಷ್ಟೇ.

ಆಮೇಲೆ ಬೆಳಗಾವಿ. ಸುವರ್ಣ ವಿಧಾನಸೌಧ 2012ರಲ್ಲಿ ತೆರೆದ ಮೇಲೆ ನಮ್ಮ ಭಾಗದವರಿಗೆ ಅಧಿವೇಶನ ಎರಡು ತಾಸಿನ ದಾರಿ ಆಗಿದೆ. ಒಬ್ಬ ಸದಸ್ಯರ ಪಿಎ ಮೂಲಕ ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಲಿಖಿತ ಉತ್ತರವಷ್ಟೇ ಬರುವ ಪ್ರಶ್ನೆ, ಹಾಕಿಸಿದೆ. ಉತ್ತರದ ಹಾಳೆ ಹೇಗಿರುತ್ತೆ ಗೊತ್ತಲ್ಲ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. "(ಅ) ಫ್ಲೋರೈಡ್ ಅಂಶ ಹೆಚ್ಚಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎದುರಿಗೆ ಒಂದೇ ಪದ: "ಬಂದಿದೆ." "(ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?" ಅದಕ್ಕೆ ಅರ್ಧ ಪುಟ, ಓದಿದರೆ ಕೈಗೆ ಏನೂ ಸಿಗುವುದಿಲ್ಲ. ಗೆಳೆಯರೆಲ್ಲ ನಕ್ಕರು. ನಾನು ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡೆ. "ಬಂದಿದೆ" ಅನ್ನೋದು ಸದನದಲ್ಲಿ ದಾಖಲಾದ ಮೇಲೆ, ಕೆಳಗಿನ ಯಾವ ಅಧಿಕಾರಿಯೂ "ನಮ್ಮ ತಾಲೂಕಿನಲ್ಲಿ ಅಂಥದ್ದೇನೂ ಇಲ್ಲ" ಅನ್ನುವ ಹಾಗಿಲ್ಲ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು.

ದಾರಿ ತೆರೆದದ್ದು ವಿಜ್ಞಾನಿಯಲ್ಲ, ರಾಜಕಾರಣಿಯಲ್ಲ. ಲೆಕ್ಕದ ಶಾಖೆಯ ಒಬ್ಬ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಕಚೇರಿಯ ಎದುರಿನ ಅಂಗಡಿಯಲ್ಲಿ ಗಿರ್ಮಿಟ್ ತಿನ್ನುತ್ತಾ ನಿಂತಿದ್ದೆವು. ನಾನು ಯಾವಾಗಿನಂತೆ ಮೂಳೆ, ಹಲ್ಲು, ಮಕ್ಕಳು ಅಂತ ಹೇಳುತ್ತಿದ್ದೆ. ಅವರು ಮಧ್ಯೆ ಕೇಳಿದರು. "ಸರ, ಆ ಬೋರ್ ಕೊರದ್ರು, ಮೋಟಾರ್ ಇಳಿಸಿದ್ರು, ಆಮ್ಯಾಲ ನೀರು ಬರೋಬರಿ ಇಲ್ಲಂತ ಬಿಟ್ರು ಅಂದ್ರಿ. ಅಂಥಾವು ಎಷ್ಟು ಅದಾವು?" ನಾನು ಆ ಲೆಕ್ಕ ಇಟ್ಟಿರಲಿಲ್ಲ. ನಾವ್ಯಾರೂ ಇಡುವುದಿಲ್ಲ. ನಮ್ಮ ಟೇಬಲ್‌ನಲ್ಲಿ ಊರು, ಆಳ, ಪಿಎಚ್, ಫ್ಲೋರೈಡ್ ಇರುತ್ತೆ. ರೂಪಾಯಿಯ ಕಾಲಂ ಇರುವುದಿಲ್ಲ. "ಎ.ಜಿ. (ಮಹಾಲೇಖಪಾಲರ) ಆಡಿಟ್ ಬಂದಾಗ ಅದು ನಿಷ್ಫಲ ವೆಚ್ಚ ಆಗತೈತ್ರಿ. ಆಕ್ಷೇಪಣೆ ಪ್ಯಾರಾ ಬೀಳತೈತಿ. ಪೆನ್ಶನ್ ಟೈಮಿನ್ಯಾಗ ತೊಡರ ಹಾಕೋತೈತಿ" ಅಂದರು.

ಅವತ್ತು ರಾತ್ರಿಯೇ ಎಕ್ಸೆಲ್ ತೆಗೆದು ಒಂದು ಕಾಲಂ ಸೇರಿಸಿದೆ. ಬಿಟ್ಟುಬಿಟ್ಟ ಬೋರ್‌ಗಳನ್ನು ಊರೂರು ತಿರುಗಿ ಗುರುತು ಮಾಡಿದೆ. ಖರ್ಚಿನ ಲೆಕ್ಕಕ್ಕೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿದೆ. ಕೊರೆಯುವುದು, ಕೇಸಿಂಗ್, ಮೋಟಾರ್, ಪ್ಯಾನಲ್ ಬೋರ್ಡ್, ಕರೆಂಟ್ ಕನೆಕ್ಷನ್, ಟ್ಯಾಂಕಿಗೆ ಪೈಪ್ ಎಲ್ಲ ಸೇರಿ ಒಂದೊಂದಕ್ಕೆ ಎರಡೂವರೆಯಿಂದ ಮೂರು ಲಕ್ಷ ಬಂತು. ಕೊರೆದು ನಿಲ್ಲಿಸಿದ್ದರೆ ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಟೆಸ್ಟಿಗೆ ಬೀಳುವುದು ಬರೀ 200-300 ರೂಪಾಯಿ. ಈ ಮೂರು ಅಂಕಿ ಒಂದು ಹಾಳೆಯಲ್ಲಿ ಬಂದವು. 80 ಪುಟ ಮಾಡದ ಕೆಲಸವನ್ನು ಈ ಹಾಳೆ ಮಾಡಿತು.

ಇಲ್ಲಿ ಒಂದು ಎಚ್ಚರ. ಇದನ್ನು ಬೆದರಿಕೆಯ ಹಾಗೆ ಹಿಡಿದುಕೊಂಡು ಹೋದರೆ ಕೆಟ್ಟಿತು. ನಾನು ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಸಾಹೇಬರ ಹತ್ತಿರ ಹೋಗಿ "ನಿಮ್ಮ ಇಲಾಖೆ ದುಡ್ಡು ಹಾಳು ಮಾಡಿದೆ" ಅನ್ನಲಿಲ್ಲ. "ಇದು ಇವತ್ತಲ್ಲ ನಾಳೆ ಆಡಿಟ್ ಕಣ್ಣಿಗೆ ಬೀಳುತ್ತೆ. ಅದಕ್ಕೆ ಮೊದಲು ನೀವೇ ಒಂದು ನಿಯಮ ಮಾಡಿದ್ದೀರಿ ಅಂತ ಇದ್ದರೆ ನಿಮಗೇ ಒಳ್ಳೇದಲ್ವಾ ಸರ್?" ಅಂದೆ. ಆ ಮಾತು ಹೇಳಲು ಯಾವ ವಾರ, ಯಾವ ಹೊತ್ತು ಆರಿಸಿಕೊಂಡೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪಕ್ಕದ ಜಿಲ್ಲೆಯಲ್ಲಿ ನನಗೇ ಇನ್ನೊಮ್ಮೆ ಬೇಕಾಗುತ್ತೆ.

ಅವರು ಕೇಳಿದ ಮೊದಲ ಪ್ರಶ್ನೆ ಫ್ಲೋರೈಡ್ ಬಗ್ಗೆ ಅಲ್ಲ. "ಟೆಸ್ಟಿನ ಖರ್ಚು ಯಾವ ಹೆಡ್ಡಿನ್ಯಾಗ ಹಾಕೂದು?" ಇದಕ್ಕೆ ಉತ್ತರ ಇಲ್ಲದೆ ಯಾರೂ ಅಧಿಕಾರಿಯ ಎದುರು ಕೂರಬಾರದು. 2021-26ರ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಪಂಚಾಯತಿಗೆ ಬರುತ್ತಿದ್ದ ಹಣದ ಶೇ. 60 ನಿರ್ಬಂಧಿತ, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಬಳಸಬೇಕಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಇಂಥದ್ದಕ್ಕೆ. ನೀರಿನ ಪರೀಕ್ಷೆ ಅಲ್ಲಿ ಆರಾಮಾಗಿ ಕೂರುತ್ತಿತ್ತು. ಇನ್ನು 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್. ಅದರ ಮಾರ್ಗಸೂಚಿ ತಲೆಗೆ ದಿನಕ್ಕೆ 55 ಲೀಟರ್ ಅಂತ ಹೇಳಿ ಸುಮ್ಮನಾಗಿಲ್ಲ, ಐಎಸ್ 10500 (ಕುಡಿಯುವ ನೀರಿನ ಭಾರತೀಯ ಮಾನಕ) ಗುಣಮಟ್ಟದ ನೀರು ಅಂತ ಹೇಳಿದೆ. ಊರಿಗೆ ಐದು ಹೆಣ್ಣುಮಕ್ಕಳಿಗೆ ಫೀಲ್ಡ್ ಟೆಸ್ಟ್ ಕಿಟ್ ತರಬೇತಿ ಕೊಡಬೇಕು ಅಂತಲೂ ಇದೆ. ಹೊಸ ಯೋಜನೆ ಬೇಡ, ಹೊಸ ದುಡ್ಡು ಬೇಡ, ಇರುವುದನ್ನೇ ಹಿಂದೆ ಮುಂದೆ ಮಾಡಿ ಅಂತ ಹೇಳಿದಾಗ ಅವರ ಮುಖ ಸಡಿಲಾಯಿತು. ನಾವು ವಿಜ್ಞಾನಿಗಳು ಸಲಹೆಯ ಜೊತೆ ಒಂದು ಸಂಶೋಧನಾ ಕೇಂದ್ರವನ್ನೂ ಕೇಳುತ್ತೇವೆ. ಅಲ್ಲೇ ಕೆಲಸ ಕೆಡುತ್ತೆ.

ಇನ್ನೊಂದು ಕ್ಯಾಲೆಂಡರ್. ಮಾರ್ಚಿನಲ್ಲಿ ಹೋದರೆ ಎಲ್ಲರೂ ಬಿಲ್ಲಿನ ಗಡಿಬಿಡಿಯಲ್ಲಿರುತ್ತಾರೆ. ಮೇ ತಿಂಗಳಲ್ಲಿ ಹೋದರೆ ನೀರಿನ ಹಾಹಾಕಾರ. ಎರಡಿಂಚು ನೀರು ಬಿದ್ದರೆ ಸಾಕು, ಅದರಲ್ಲಿ ಏನಿದೆ ಅಂತ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಗ್ರಾಮ ಪಂಚಾಯತಿಗಳ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಕೆಲಸ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗಿ ವರ್ಷದ ಕೊನೆ ತನಕ ನಡೆಯುತ್ತೆ. ಆ ಹೊತ್ತಿಗೆ ಗ್ರಾಮಸಭೆಯಲ್ಲಿ ಠರಾವು ಆಗಿರಬೇಕು. ನಾನು ಆಗಸ್ಟಿನಿಂದಲೇ ಪಿಡಿಒಗಳ (ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ) ಬೆನ್ನು ಹತ್ತಿದೆ. ಏಳೆಂಟು ಪಂಚಾಯತಿಯಲ್ಲಿ ಠರಾವು ಪಾಸಾಯಿತು. ಅದರಲ್ಲಿ ಅರ್ಧ ಕಡೆ ಎದ್ದು ನಿಂತು ಮಾತಾಡಿದ್ದು ಸ್ವಸಹಾಯ ಸಂಘದ ಅಕ್ಕಂದಿರು. ಒಬ್ಬರು ಅಧ್ಯಕ್ಷರನ್ನೇ ಕೇಳಿದರು. "ಬಾವಿ ತೋಡಿದ ಮ್ಯಾಲ ನೀರಿನ ರುಚಿ ನೋಡ್ತೀರಿಲ್ಲೋ? ಇದೂ ಹಂಗ ನೋಡ್ರಿ." ನನ್ನ ಹತ್ತು ಸ್ಲೈಡ್‌ಗಿಂತ ಆ ಮಾತು ಚೆನ್ನಾಗಿ ನಾಟಿತು.

ಆ ಠರಾವಿನ ಜೆರಾಕ್ಸ್‌ಗಳು, ಬೆಳಗಾವಿಯ ಉತ್ತರದ ಹಾಳೆ, ನನ್ನ ಒಂದು ಪುಟ. ಇಷ್ಟನ್ನು ಇಟ್ಟುಕೊಂಡು, ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಐದು ನಿಮಿಷ ಸಿಕ್ಕಿತು.

ಪ್ರೊಜೆಕ್ಟರ್ ಬಳಸಲಿಲ್ಲ. ಹಲ್ಲು ಕಂದಾದ ಮಕ್ಕಳ ಫೋಟೋ ತೋರಿಸುವುದನ್ನು ಪತ್ರಿಕೆಯ ಪ್ರಕರಣದ ನಂತರ ಪೂರ್ತಿ ಬಿಟ್ಟಿದ್ದೇನೆ. ಮೂರು ಗಾಜಿನ ನಳಿಗೆ, ಮೂರು ನೀರು. ಕಿಟ್ಟಿನ ದ್ರಾವಣ ಹಾಕಿದೆ. ಫ್ಲೋರೈಡ್ ಹೆಚ್ಚಿದ್ದರೆ ಅದರ ಗುಲಾಬಿ ಬಣ್ಣ ಹಳದಿಯಾಗುತ್ತೆ. ಮೊದಲನೆಯದು ಅಂಗಡಿಯ ಬಾಟಲಿ ನೀರು, ದಟ್ಟ ಗುಲಾಬಿ ಬಣ್ಣವಾಗಿ ನಿಂತಿತು. ಎರಡನೆಯದು ಹೋದ ತಿಂಗಳು ಮೋಟಾರ್ ಇಳಿಸಿದ ಒಂದು ಬೋರ್‌ನದು. ದ್ರಾವಣ ಬಿದ್ದು ಅಲ್ಲಾಡಿಸುವಷ್ಟರಲ್ಲಿ ಗುಲಾಬಿ ಹೋಗಿ ಹಳದಿಗೆ ತಿರುಗಿತು. ಮೇಜಿನ ಆ ತುದಿಯಲ್ಲಿದ್ದವರು ಎದ್ದು ಬಂದು ನೋಡಿದರು. ಮೂರನೆಯದನ್ನು ಎಲ್ಲಿಂದ ತಂದಿದ್ದೆ ಅಂತ ಇಲ್ಲಿ ಹೇಳಲಾರೆ. ಅದು ಹಳದಿಯಾದಾಗ ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷತೆ ವಹಿಸಿದವರು ಎಇಇ ಕಡೆ ತಿರುಗಿ "ಏನ್ರಿ ಇದು?" ಅಂದರು. ಎಇಇ ಸಾಹೇಬರು ನಾನು ಕೊಟ್ಟಿದ್ದ ಹಾಳೆ ತೆಗೆದು "ಇದಕ್ಕ ನಾವ ಒಂದು ಪ್ರಸ್ತಾವನೆ ತಯಾರ ಮಾಡೇವ್ರಿ ಸರ್" ಅಂದರು. ಅಲ್ಲಿಗೆ ಅದು ಅವರದಾಯಿತು. ಅದೇ ನನಗೆ ಬೇಕಾಗಿದ್ದು. ವಿಜ್ಞಾನಿಯ ಹೆಸರಿರುವ ಪ್ರಸ್ತಾವನೆ ವಿಜ್ಞಾನಿ ಹೋದ ದಿನ ಬೀಳುತ್ತೆ. ಕಚೇರಿಯ ಪ್ರಸ್ತಾವನೆಗೆ ಫೈಲ್ ನಂಬರ್ ಬೀಳುತ್ತೆ, ಅಧಿಕಾರಿ ವರ್ಗವಾದರೂ ಅದು ಅಲ್ಲೇ ಇರುತ್ತೆ.

ಕರಡನ್ನು ಮಾತ್ರ ನಾವೇ ಬರೆದು ಕೊಡಬೇಕು. "ಅವರು ಬರೆಯುತ್ತಾರೆ" ಅಂತ ಕಾದರೆ ಕಾಯುತ್ತಲೇ ಇರಬೇಕು. ಮೊದಲ ಸಲ ಮೇಲ್ ಮಾಡಿದೆ. ಕಚೇರಿಯಲ್ಲಿ ತೆರೆದರೆ ಅರ್ಧ ಅಕ್ಷರ ಬದಲು ಚೌಕಗಳು ಬಂದವಂತೆ. ಅಲ್ಲಿನ ಕಂಪ್ಯೂಟರ್ ಹಳೇದು, ಟೈಪ್ ಮಾಡುವ ಹುಡುಗನಿಗೆ ರೂಢಿ ಇರುವುದು ಹಳೆಯ ನುಡಿ ಫಾಂಟ್. ಮತ್ತೆ ಟೈಪ್ ಮಾಡಲು ಅವನಿಗೆ ಬಿಡುವಿಲ್ಲ. ಎರಡು ವಾರ ಅಲ್ಲೇ ನಿಂತಿತು. ಆಮೇಲೆ ಹುಬ್ಬಳ್ಳಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ನುಡಿಯಲ್ಲೇ ಟೈಪ್ ಮಾಡಿಸಿ ಪೆನ್‌ಡ್ರೈವಿನಲ್ಲಿ ಕೊಟ್ಟೆ. ಉಲ್ಲೇಖ, ವಿಷಯ, ಪೀಠಿಕೆ ಎಲ್ಲ ಅವರ ಹಳೇ ಸುತ್ತೋಲೆಯ ಅಚ್ಚಿನಲ್ಲೇ ಇತ್ತು. ಅವರು ದಿನಾಂಕ ಮತ್ತು ನಂಬರ್ ಹಾಕುವುದಷ್ಟೇ ಬಾಕಿ. ಅದು ಮರುದಿನವೇ ಮಂಡನೆಯಾಯಿತು. ನಂಬಿ, ಎಷ್ಟೋ ಸಲ ನೀತಿ ತಡೆದು ನಿಲ್ಲುವುದು ಇಂಥ ಕಡೆ.

ಕರಡಿನಲ್ಲಿ ನಿಜವಾದ ಜಗ್ಗಾಟ ನಡೆದದ್ದು ಒಂದೇ ಅಂಕಿಯ ಮೇಲೆ. ಐಎಸ್ 10500ರ 2012ರ ಆವೃತ್ತಿಯಲ್ಲಿ ಫ್ಲೋರೈಡಿಗೆ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ 1.5 ತನಕ ಬಿಡಬಹುದು. ನಮ್ಮ ಕಚೇರಿಗಳಲ್ಲಿ ಆ "ಇಲ್ಲದಿದ್ದರೆ ಮಾತ್ರ" ಅನ್ನೋದು ಬಿದ್ದುಹೋಗಿ 1.5 ಒಂದೇ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಕೂಡ 1.5 ಆಗಿರುವುದರಿಂದ ವಾದಕ್ಕೆ ಬಲ ಬೇರೆ. ನಾನು 1.0 ಹಿಡಿದು ಕೂತಿದ್ದರೆ ಸುತ್ತೋಲೆ ಹುಟ್ಟುತ್ತಲೇ ಇರಲಿಲ್ಲ. 1.5ಕ್ಕೆ ಒಪ್ಪಿದ್ದರೆ ಬಿಸಿಲು ನಾಡಿನಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿದು ಹೊಲದಲ್ಲಿ ದುಡಿಯುವವರಿಗೆ ಅನ್ಯಾಯ. ಕೊನೆಗೆ ಹೀಗೆ ಬರೆದೆವು: 1.0ರ ಒಳಗಿದ್ದರೆ ಮೋಟಾರ್ ಇಳಿಸಬಹುದು. 1.0ರಿಂದ 1.5 ಇದ್ದರೆ "ಬೇರೆ ಮೂಲ ಇಲ್ಲ" ಅಂತ ಇಂಜಿನಿಯರ್ ಬರೆದು ಸಹಿ ಮಾಡಬೇಕು. 1.5 ದಾಟಿದರೆ ಬಳಕೆ ನೀರಿಗೆ ಮಾತ್ರ. ಆ ನಡುವಿನ ಸಾಲೇ ನಾನು ಮೇಲೆ ಹೇಳಿದ ಎರಡನೇ ಪ್ಯಾರಾ. ಸಹಿ ಮಾಡಬೇಕು ಅಂದಾಗ ಜನ ಬೇರೆ ಮೂಲ ಹುಡುಕುತ್ತಾರೆ, ಸಿಗುತ್ತೆ ಕೂಡ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅತೀ ಇಷ್ಟವಾದ ಸಾಲು ಅದು. ಯಾವ ಜರ್ನಲ್ಲೂ ಅದನ್ನು ಅಚ್ಚು ಹಾಕುವುದಿಲ್ಲ.

"ಊರೂರಿಗೆ ಆರ್‌ಒ ಇದೆಯಲ್ಲ, ಇನ್ನ್ಯಾಕ ಇದು?" ಅಂತ ಕೇಳಿದವರು ಹಲವರು. ನ್ಯಾಯವಾದ ಪ್ರಶ್ನೆ. ಗದಗದವರೇ ಆದ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ 2013-18ರ ಅವಧಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ರಾಜ್ಯದ ತುಂಬ ಬಂದವು. ಅದರಿಂದ ಆದ ಉಪಕಾರ ದೊಡ್ಡದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಾಯಿನ್ ಹಾಕಿ ತಂದ ಕ್ಯಾನ್ ನೀರು ಕುಡಿಯುವುದಕ್ಕಷ್ಟೇ. ಬೇಳೆ ಬೇಯುವುದು, ಅಂಬಲಿ ಕಾಯುವುದು, ರೊಟ್ಟಿ ಹಿಟ್ಟಿಗೆ ಎಸರು ಇಡುವುದು ನಳದ ನೀರಲ್ಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತೆ. ಹೊಳೆ ನೀರಿನ ಯೋಜನೆ ಇರುವ ಊರುಗಳಲ್ಲೂ ಬೇಸಿಗೆಯಲ್ಲಿ ಪೂರೈಕೆ ನಿಂತಾಗ ಚಾಲೂ ಆಗುವುದು ಇದೇ ಬೋರ್.

ಈ ನಡುವೆ ಮಾಡಿದ ಉಪಕಸುಬುಗಳನ್ನೂ ಹೇಳಬೇಕು, ಖರ್ಚು ಅವುಗಳಿಗೂ ಆಗಿದೆ. ಎಂಎಸ್ಸಿ ಹುಡುಗರ ಜೊತೆ ಹುಣಸೆ ಬೀಜದ ಪುಡಿಯಿಂದ ಫ್ಲೋರೈಡ್ ತೆಗೆಯುವುದನ್ನು ನೋಡಿದೆವು. ಬೀಕರಿನಲ್ಲಿ ಸ್ವಲ್ಪ ಇಳಿಯಿತು. ನೀರು ಮಾತ್ರ ಕಂದು ಬಣ್ಣವಾಗಿ ಯಾರೂ ಮೂಸಿ ನೋಡದಂತಾಯಿತು. ನಲ್ಗೊಂಡ ಪದ್ಧತಿಯನ್ನು, ಅದೇ ಆಲಂ-ಸುಣ್ಣದ್ದು, ಒಂದು ಓಣಿಯಲ್ಲಿ ಬಕೆಟ್ ಹಂಚಿ ಮಾಡಿಸಿದೆವು. ಹತ್ತು ದಿನ ಚೆನ್ನಾಗಿ ನಡೆಯಿತು. ಆಮೇಲೆ ಬಕೆಟ್‌ಗಳು ದನದ ಕೊಟ್ಟಿಗೆಯಲ್ಲಿ ಕಂಡವು. ತಳದಲ್ಲಿ ಕೂರುವ ಗಸಿ ಎಲ್ಲಿ ಚೆಲ್ಲಬೇಕು ಅಂತ ನಾವು ಹೇಳಿದ್ದನ್ನು ಯಾರೂ ಪಾಲಿಸಲಿಲ್ಲ, ಪಾಲಿಸುವುದು ಸಾಧ್ಯವೂ ಇರಲಿಲ್ಲ. ಇನ್ನೊಂದು ತಮಾಷೆಯದು. ಚಹಾ. ಹೊಳೆ ನೀರಲ್ಲೇ ಕಡಕ್ ಚಹಾ ಕಾಯಿಸಿ ಅಳೆದರೆ ಒಂದೂವರೆ ದಾಟಿತು. ಚಹಾದ ಎಲೆಯೇ ಫ್ಲೋರೈಡ್ ಹೀರಿಟ್ಟುಕೊಳ್ಳುವ ಗಿಡದ್ದು, ಆಶ್ಚರ್ಯವೇನಿಲ್ಲ. ಈ ಅಂಕಿಯನ್ನು ತಾಂತ್ರಿಕ ಅನುಬಂಧದಲ್ಲಿ ಹಾಕಿದ್ದೇನೆ, ಮುಚ್ಚಿಟ್ಟಿಲ್ಲ. ಆದರೆ ಸಭೆಯ ಐದು ನಿಮಿಷದಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಎಲ್ಲರೂ ಕೈಯಲ್ಲಿದ್ದ ಕಪ್ಪು ನೋಡಿ ನಗುತ್ತಿದ್ದರು, ಬೋರ್‌ನ ಮಾತು ಅಲ್ಲೇ ಮುಗಿಯುತ್ತಿತ್ತು.

ನಮ್ಮ ಸುತ್ತಲೇ ಇದಕ್ಕಿಂತ ದೊಡ್ಡ ಕೆಲಸಗಳು ಆಗಿವೆ. ಮಣ್ಣಿನ ಕೊರತೆ ನೀಗಿಸುವ ಸರ್ಕಾರಿ ಯೋಜನೆ ಭೂಚೇತನ ನೋಡಿ. ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರ ಮಣ್ಣು ಪರೀಕ್ಷೆಯಲ್ಲಿ ಸತು, ಬೋರಾನ್, ಗಂಧಕದ ಕೊರತೆ ಕಂಡಿತು. 2009ರಲ್ಲಿ ಮೊದಲು ಆರು ಜಿಲ್ಲೆಗಳಲ್ಲಿ ಶುರುವಾಯಿತು, ಅದರಲ್ಲಿ ನಮ್ಮ ಧಾರವಾಡ, ಹಾವೇರಿ ಎರಡೂ ಇದ್ದವು. ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು. ಅಲ್ಲಿ ಗೆದ್ದದ್ದು ಮಣ್ಣಿನ ಮ್ಯಾಪ್ ಅಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಜಿಪ್ಸಮ್, ಸತು, ಬೋರಾಕ್ಸ್ ಸಹಾಯಧನದಲ್ಲಿ ಸಿಕ್ಕವು, ಊರಲ್ಲಿ ರೈತ ಅನುವುಗಾರ ಇದ್ದ. ಗದಗ ಜಿಲ್ಲೆಯ ಮಾಗಡಿ ಕೆರೆಯದು ಇನ್ನೊಂದು ರೀತಿ. ಪಟ್ಟೆತಲೆ ಹೆಬ್ಬಾತುಗಳನ್ನು ಚಳಿಗಾಲದಲ್ಲಿ ವರ್ಷಾನುಗಟ್ಟಲೆ ಕೂತು ಎಣಿಸಿದವರಿದ್ದಾರೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆ ಪಟ್ಟಿಗೆ ಸೇರಿಸುವಾಗ ಹಕ್ಕಿಗಳ ಲೆಕ್ಕವನ್ನೂ ನೋಡುತ್ತಾರೆ. ಹಾನಗಲ್ ತಾಲೂಕಿನ ಕುಸನೂರಿನ 1987ರ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹ ಮೂರನೇ ದಾರಿ. ನೀಲಗಿರಿ ಕಿತ್ತು ಬೇರೆ ಗಿಡ ನೆಟ್ಟರು, ಕೋರ್ಟಿಗೂ ಹೋದರು. ಅಷ್ಟು ಎದೆಗಾರಿಕೆ ನನ್ನಲ್ಲಿಲ್ಲ. ನನ್ನದು ಗುಮಾಸ್ತರ ದಾರಿ.

ದುಡ್ಡಿನ ಲೆಕ್ಕ. ಎರಡು ಕಡೆ ಪ್ರಾಜೆಕ್ಟ್ ಹಾಕಿದ್ದೆ, "ಸಂಶೋಧನೆಯ ಹೊಸತನ ಇಲ್ಲ" ಅಂತ ಎರಡೂ ವಾಪಸ್ ಬಂದವು. ಒಂದರ್ಥದಲ್ಲಿ ಸರಿಯೇ, ಹೊಸತನ ಏನೂ ಇರಲಿಲ್ಲ. ಎಲೆಕ್ಟ್ರೋಡ್‌ಗೆ 40 ಸಾವಿರದ ಹತ್ತಿರ, ಅದು ವಿಭಾಗದಿಂದ ಸಿಕ್ಕಿತು. ಉಳಿದದ್ದು ಕೈಯಿಂದ. ಟಿಸ್ಯಾಬಿಗೆ ಬೇಕಾದ ಸಿಡಿಟಿಎ ರಾಸಾಯನಿಕ, ಸೀಸೆ, ಬೈಕಿನ ಪೆಟ್ರೋಲು, ಜೆರಾಕ್ಸ್, ಡಿಟಿಪಿ, ಚಹಾ ಎಲ್ಲ ಸೇರಿ ಮೂರ್ನಾಲ್ಕು ವರ್ಷದಲ್ಲಿ ಒಂದೂಕಾಲು ಲಕ್ಷ ಆಗಿರಬಹುದು. ಮನೆಯಲ್ಲಿ ಒಂದು ಲಕ್ಷ ಅಂತ ಹೇಳಿದ್ದೇನೆ. ಅದರಲ್ಲಿ ಅತಿ ಕಡಿಮೆ ಖರ್ಚಾಗಿ ಅತಿ ಹೆಚ್ಚು ಕೆಲಸ ಮಾಡಿದ್ದು ಹುಬ್ಬಳ್ಳಿಯ ಡಿಟಿಪಿ. 150 ರೂಪಾಯಿ ಕೊಟ್ಟ ನೆನಪು.

ಸುತ್ತೋಲೆ ಬಂದ ಮೇಲೆ ಎಲ್ಲ ಸುಗಮ ಅಂತೇನಿಲ್ಲ. ಬೋರ್ ಕೊರೆಯುವ ಕಂತ್ರಾಟದಾರರು ಮುನಿಸಿಕೊಂಡರು. ರಿಪೋರ್ಟ್ ಬರುವ ತನಕ ಬಿಲ್ ನಿಲ್ಲುತ್ತೆ ಅನ್ನೋದು ಅವರ ತಕರಾರು. ಅದಕ್ಕೆ ಕೊರೆದ ಬಿಲ್ ಬೇರೆ, ಮೋಟಾರ್ ಬಿಲ್ ಬೇರೆ ಮಾಡಿಸಿದೆವು, ಅಲ್ಲಿಗೆ ಅವರು ತಣ್ಣಗಾದರು. ಸ್ಯಾಂಪಲ್ ಬದಲಾಯಿಸಿ ಹೊಳೆ ನೀರು ತುಂಬಿ ಕಳಿಸಿದ್ದೂ ಒಂದೆರಡು ಕಡೆ ಆಯಿತು. ಕರಗಿದ ಲವಣ ಹೆಚ್ಚಿದಷ್ಟೂ ಏರುವ ಕಂಡಕ್ಟಿವಿಟಿ ಹೊಳೆ ನೀರಿನಲ್ಲಿ ಕಡಿಮೆ, 600 ಅಡಿ ಬೋರ್‌ನಲ್ಲಿ ಹೆಚ್ಚು ಅಂತ ನಿಮಗೆ ಹೇಳಬೇಕಿಲ್ಲ. ಮೀಟರ್ ಅದ್ದಿದ ಕೂಡಲೇ ಸಿಕ್ಕಿಬಿದ್ದರು. ಈಗ ಫ್ಲೋರೈಡ್ ಜೊತೆ ಇಸಿ, ಅಂದರೆ ಆ ಕಂಡಕ್ಟಿವಿಟಿ, ಕೂಡ ರಿಪೋರ್ಟಿನಲ್ಲಿ ಕಡ್ಡಾಯ. ಪರೀಕ್ಷೆಯಾದ ಹೊಸ ಬೋರ್‌ಗಳಲ್ಲಿ ನಾಲ್ಕಕ್ಕೆ ಒಂದು, ಇನ್ನೂ ಸ್ವಲ್ಪ ಹೆಚ್ಚೇ ಇರಬಹುದು, ಬಳಕೆ ನೀರಿಗೆ ಹೋಗಿದೆ. ಅಷ್ಟು ಮೋಟಾರ್ ಉಳಿದಿದೆ ಅಂತ ಲೆಕ್ಕದ ಶಾಖೆಯವರು ಹೇಳುತ್ತಾರೆ. ಅಷ್ಟು ಮನೆಗಳ ಮಕ್ಕಳ ಹಲ್ಲು ಉಳಿದಿದೆ ಅಂತ ನಾನು ಅಂದುಕೊಳ್ಳುತ್ತೇನೆ. ಫೈಲಿನಲ್ಲಿ ಮೊದಲನೆಯದು ಮಾತ್ರ ಇದೆ.

ಸದ್ಯ ಬೆನ್ನು ಹತ್ತಿರುವುದು ಆರ್‌ಒ ಘಟಕದಿಂದ ಹೊರ ಹೋಗುವ ನೀರನ್ನು. ಶುದ್ಧ ನೀರು ಬಂದಷ್ಟೇ, ಕೆಲವು ಕಡೆ ಅದಕ್ಕಿಂತ ಜಾಸ್ತಿ, ಫ್ಲೋರೈಡ್ ಗಟ್ಟಿಯಾದ ನೀರು ಚರಂಡಿಗೆ ಹೋಗುತ್ತೆ. ಕೆಲವು ಊರಲ್ಲಿ ಅದನ್ನೇ ದನದ ತೊಟ್ಟಿಗೆ ಬಿಟ್ಟಿದ್ದಾರೆ. ಇದಕ್ಕೆ ರೂಪಾಯಿಯ ಕಾಲಂ ಏನು ಅಂತ ಇನ್ನೂ ಹೊಳೆದಿಲ್ಲ. ಪಶುವೈದ್ಯರೊಬ್ಬರು ಹಾಲಿನ ಇಳುವರಿ ಕಡೆಯಿಂದ ನೋಡಿ ಅಂದಿದ್ದಾರೆ, ಡೇರಿಯವರ ದಪ್ತರ ಸಿಕ್ಕರೆ ನೋಡಬೇಕು. ಅಕ್ಟೋಬರಿಗೆ ಮೊದಲು ಒಂದು ಪುಟ ತಯಾರಾಗಬೇಕು. ಹಾವೇರಿ ಕಡೆಯ ಘಟಕಗಳ ಅಂಕಿ ಯಾರ ಹತ್ತಿರವಾದರೂ ಇದ್ದರೆ ಕೊಡಿ. ಎಷ್ಟು ಲೀಟರ್ ಒಳಗೆ, ಎಷ್ಟು ಹೊರಗೆ, ಎರಡೂ ಬೇಕು.